ರಿಪೋರ್ಟ್ ನಾರ್ಮಲ್ ಇದೆಯಲ್ಲಾ?

ಹೋದ ವರ್ಷ ನನಗೆ ಡೆಂಗ್ಯೂ ಆಗಿತ್ತು. ಜ್ವರ ಬಿಟ್ಟು ಮೂರು ವಾರ ಕಳೆದಿತ್ತು. ಪ್ಲೇಟ್‌ಲೆಟ್ ಸರಿಹೋಗಿತ್ತು, ರಿಪೋರ್ಟ್ ಎಲ್ಲ ನಾರ್ಮಲ್. ಆದರೂ ಎರಡನೇ ಮಹಡಿಯ ಮನೆಗೆ ಮೆಟ್ಟಿಲು ಹತ್ತುವಾಗ ಮಧ್ಯೆ ಒಂದ್ಸಲ ಕೂರಲೇಬೇಕಿತ್ತು. "ರಿಪೋರ್ಟ್ ನಾರ್ಮಲ್ ಇದೆಯಲ್ಲಾ, ಮತ್ತೇನ್ರೀ?" ಅಂದ್ರು ಮ್ಯಾನೇಜರ್. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾಕಂದ್ರೆ 2006ರಲ್ಲಿ ಹೆಚ್ಚುಕಮ್ಮಿ ಇದೇ ಮಾತನ್ನ ನಾನು ಅಮ್ಮನಿಗೆ ಅಂದಿದ್ದೆ.

ಆ ವರ್ಷ ಕರ್ನಾಟಕದ ಊರೂರಲ್ಲೂ ಚಿಕೂನ್‌ಗುನ್ಯಾ. ಹೆಸರು ಕೇಳಿ ಇದು ಕೋಳಿಯಿಂದ ಬರೋ ಕಾಯಿಲೆ ಅಂತ ಚಿಕನ್ ಬಿಟ್ಟವರೂ ಇದ್ದರು. ತುಮಕೂರಿನ ಹತ್ತಿರದ ನಮ್ಮೂರಲ್ಲಿ ಅಮ್ಮನಿಗೂ ಬಂತು. ಐದು ದಿನಕ್ಕೆ ಜ್ವರ ಹೋಯ್ತು, ಆದರೆ ತಿಂಗಳುಗಟ್ಟಲೆ ಅವಳ ಕೈಗೆ ಮುದ್ದೆ ಕೋಲು ತಿರುವುವ ಶಕ್ತಿ ಬರಲಿಲ್ಲ. ಮಧ್ಯಾಹ್ನವಾದರೆ ಗೋಡೆಗೆ ಒರಗಿ ಕೂತುಬಿಡೋಳು. ಪಿಯುಸಿ ಓದುತ್ತಿದ್ದ ನಾನು, "ಜ್ವರ ಬಿಡ್ತಲ್ಲಮ್ಮ, ಇನ್ನೂ ಏನು?" ಅಂದೆ. ಅವಳು ಮಾತಾಡದೆ ಎದ್ದು ಒಲೆ ಹಚ್ಚಿದಳು.

ಚಿಕೂನ್‌ಗುನ್ಯಾ ಅನ್ನೋದು ಆಫ್ರಿಕಾದ ಮಕೊಂಡೆ ಭಾಷೆಯ ಪದ. 1952ರಲ್ಲಿ ಈಗಿನ ತಾಂಜಾನಿಯಾದ ದಕ್ಷಿಣ ಭಾಗದಲ್ಲಿ ಈ ಜ್ವರ ಹರಡಿದಾಗ ಅಲ್ಲಿನ ಜನ ಕೀಲುನೋವಿನಿಂದ ಬಾಗಿಹೋದವರನ್ನು ನೋಡಿ ಇಟ್ಟ ಹೆಸರು. ಅರ್ಥವೂ ಹೆಚ್ಚುಕಮ್ಮಿ ಅದೇ, ಬಗ್ಗಿಹೋಗೋದು. ಕಣ್ಣಿಗೆ ಕಂಡದ್ದನ್ನೇ ಹೆಸರು ಮಾಡಿದರು.

ಎಲ್ಲ ಕಡೆ ಹೀಗಾಗಲಿಲ್ಲ. 1955ರ ಜುಲೈನಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ನರ್ಸ್‌ಗಳು, ಡಾಕ್ಟರುಗಳು ಒಬ್ಬರ ಹಿಂದೊಬ್ಬರು ಮಲಗಿದರು. ನವೆಂಬರ್ ಹೊತ್ತಿಗೆ ಸಿಬ್ಬಂದಿಯಲ್ಲೇ 292 ಜನಕ್ಕೆ ಕಾಯಿಲೆ. ನಡುವೆ ಎರಡು ತಿಂಗಳಿಗೂ ಹೆಚ್ಚು ಕಾಲ ಆಸ್ಪತ್ರೆಯನ್ನೇ ಮುಚ್ಚಬೇಕಾಯ್ತು. ತಲೆನೋವು, ಸ್ನಾಯುಗಳ ನೋವು, ವಿಪರೀತ ನಿಶ್ಶಕ್ತಿ. ಕೆಲವರಿಗೆ ಅದು ವರ್ಷಗಟ್ಟಲೆ ಬಿಡಲಿಲ್ಲ. ಸೋಂಕಿನ ಗುಮಾನಿ ಇತ್ತು, ಆದರೆ ಯಾವ ವೈರಸ್ಸೂ ಸಿಗಲಿಲ್ಲ. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕೇಸ್ ಶೀಟುಗಳನ್ನು ಓದಿ, ಇದು ಸಾಮೂಹಿಕ ಹಿಸ್ಟೀರಿಯಾ ಇರಬೇಕು ಅಂತ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಅವರು ಕೊಟ್ಟ ಕಾರಣಗಳಲ್ಲೊಂದು, ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಅನ್ನೋದು! ರೋಗಿಗಳನ್ನು ಕಣ್ಣಾರೆ ಕಂಡಿದ್ದ ಅದೇ ಆಸ್ಪತ್ರೆಯ ಡಾಕ್ಟರ್ ಮೆಲ್ವಿನ್ ರ‍್ಯಾಮ್ಸೆ ಮಾತ್ರ ಒಪ್ಪಲಿಲ್ಲ. ಇದು ದೇಹದ ಕಾಯಿಲೆ ಅಂತ ಕೊನೆವರೆಗೂ ವಾದಿಸಿದರು.

1980ರ ದಶಕದಲ್ಲಿ ಅಮೆರಿಕದಲ್ಲಿ ಇಂಥದೇ ಸುಸ್ತು ಸುದ್ದಿಯಾದಾಗ ಪತ್ರಿಕೆಗಳು ಅದಕ್ಕೊಂದು ಅಡ್ಡಹೆಸರಿಟ್ಟವು: ಯಪ್ಪಿ ಫ್ಲೂ. ಯಪ್ಪಿ ಅಂದ್ರೆ ಸಿಟಿಯಲ್ಲಿ ಕೈತುಂಬ ಸಂಬಳ ಎಣಿಸೋ ಯುವ ಉದ್ಯೋಗಿ. ಅಂದ್ರೆ ನಾನು, ನೀವು. ದುಡಿಯೋಕೆ ಸೋಮಾರಿಗಳಾದ ಸುಖವಂತರ ನೆಪ ಅನ್ನೋ ವ್ಯಂಗ್ಯ ಅದರಲ್ಲಿತ್ತು. 1988ರಲ್ಲಿ ಅಮೆರಿಕದ ಸಿಡಿಸಿ ಕೊಟ್ಟ 'ಕ್ರಾನಿಕ್ ಫಟೀಗ್ ಸಿಂಡ್ರೋಮ್' ಅನ್ನೋ ಹೆಸರೂ ರೋಗಿಗಳಿಗೆ ಸಮಾಧಾನ ತರಲಿಲ್ಲ. ಸುಸ್ತು ಯಾರಿಗಿಲ್ಲ ಅಂತ ಜನ ನಕ್ಕರು.

ಚಿಕಿತ್ಸೆಯಲ್ಲೂ ಅದೇ ಅನುಮಾನ. ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸಿ ಅನ್ನೋದು ಎಷ್ಟೋ ವರ್ಷ ನಡೆದ ಸಲಹೆ. ಅದರಿಂದ ಇನ್ನೂ ಕುಸಿದೆವು ಅಂತ ರೋಗಿಗಳು ಹೇಳ್ತಲೇ ಇದ್ದರು. ಈ ಕಾಯಿಲೆಯ ಗುಣವೇ ಅದು: ಇವತ್ತು ಮೈಮರೆತು ಓಡಾಡಿದ್ದಕ್ಕೆ ನಾಳೆಯೋ ನಾಳಿದ್ದೋ ಬಡ್ಡಿ ಸಮೇತ ವಸೂಲಿ. 2021ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಆ ಸಲಹೆಯನ್ನು ಕೈಬಿಟ್ಟು, ಇರುವ ಶಕ್ತಿಯ ಮಿತಿಯೊಳಗೇ ಕೆಲಸ ಹಂಚಿಕೊಳ್ಳಿ ಅಂದಿತು.

ಅಷ್ಟರಲ್ಲಿ ಕೋವಿಡ್ ಬಂದಿತ್ತು. ಎರಡು ವಾರದಲ್ಲಿ ಹುಷಾರಾಗಬೇಕಿದ್ದವರು ತಿಂಗಳಾದರೂ ಏಳಲಿಲ್ಲ. 2020ರ ಮೇನಲ್ಲಿ ಇಟಲಿಯ ಪುರಾತತ್ತ್ವ ಸಂಶೋಧಕಿ ಎಲಿಸಾ ಪೆರೆಗೊ ತಮ್ಮದೇ ಕಾಯಿಲೆಯನ್ನು 'ಲಾಂಗ್ ಕೋವಿಡ್' ಅಂತ ಟ್ವಿಟರ್‌ನಲ್ಲಿ ಕರೆದರು. ಉಳಿದ ರೋಗಿಗಳು ಅದನ್ನೇ ಹಿಡಿದರು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೊಂದು ವ್ಯಾಖ್ಯೆ ಕೊಟ್ಟಿದ್ದು 2021ರ ಅಕ್ಟೋಬರ್‌ನಲ್ಲಿ. ಈ ಸಲ ಹೆಸರು ಮೊದಲು ಬಂದಿದ್ದು ಹಾಸಿಗೆಯಿಂದ.

ನನ್ನ ಸುಸ್ತು ಅಷ್ಟು ದೊಡ್ಡದಲ್ಲ. ಡೆಂಗ್ಯೂ ಆದವರಲ್ಲಿ ಹೆಚ್ಚಿನವರ ಹಾಗೆ ನಾನೂ ಮೆಲ್ಲಗೆ ಸುಧಾರಿಸಿಕೊಂಡೆ. ರಕ್ತಹೀನತೆ, ಥೈರಾಯ್ಡ್ ಇಲ್ಲ ಅಂತ ಡಾಕ್ಟರ್ ಖಾತ್ರಿ ಮಾಡಿಕೊಂಡರು. ಒಂದು ತಿಂಗಳು ಅರ್ಧ ದಿನ ಮಾತ್ರ ಕೆಲಸ ಮಾಡ್ತೀನಿ ಅಂತ ಮ್ಯಾನೇಜರ್‌ಗೆ ಮೇಲ್ ಹಾಕಿದೆ. ಸುಸ್ತಾದ ಮೇಲೆ ಮಲಗೋದು ಬಿಟ್ಟು, ಸುಸ್ತಾಗೋಕೆ ಮುಂಚೆ ಕೂರೋದು ಕಲಿತೆ.

ಆ ದಿನಗಳಲ್ಲೇ ಒಂದು ಸಂಜೆ ಅಮ್ಮನಿಗೆ ಫೋನ್ ಮಾಡಿ, "ಅವತ್ತು ಹಾಗೆ ಅನ್ನಬಾರದಿತ್ತಮ್ಮ" ಅಂದೆ. ಅವಳಿಗೆ ಯಾವ ದಿನ ಅಂತ ಹೇಳಬೇಕಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಅದಿರ್ಲಿ ಬಿಡು. ಮೆಟ್ಟಿಲು ಹತ್ತೋವಾಗ ಎಷ್ಟು ಸಲ ಕೂರ್ತೀಯೋ ಈಗ?"