ದೂರದ ದಫ್ತರ, ಹತ್ತಿರದ ಪರದೆ

1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಕಂಪನಿಯ ಕೈಸೇರಿತು. ಕಲೆಕ್ಟರ್ ಥಾಮಸ್ ಮನ್ರೋ ಹೊಲಗಳನ್ನು ಅಳೆಸಿ ರೈತವಾರಿ ಕಂದಾಯ ಗೊತ್ತುಮಾಡಿದ. ಲೆಕ್ಕ ಉಳಿದದ್ದು ಊರ ಕರಣಂ ಬಳಿ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಪಹಣಿಯನ್ನು ತಾಲ್ಲೂಕು ಗಣಕಯಂತ್ರಕ್ಕೆ ತಂದಿತು. ಬಳಿಕ ಅದು ಬೆಂಗಳೂರಿನ ದತ್ತಾಂಶ ಕೇಂದ್ರ ಸೇರಿತು.

ಇದರ ಮುಂದಿನ ಹೆಜ್ಜೆಯೇ ವರ್ಚುವಲ್ ಡೆಸ್ಕ್‌ಟಾಪ್: ಗಣಕಯಂತ್ರವೂ ದೂರದಲ್ಲೇ, ಮೇಜಿನ ಮೇಲೆ ಬರೀ ಪರದೆ. ಗಾಜಿನ ತಂತುವಿನ ಬೆಳಕಿಗೆ 300 ಕಿ.ಮೀ. ದೂರವಲ್ಲ, ಹೋಗಿಬರಲು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು ಸಾಕು. ಭಯವಿರುವುದು ತಂತು ಕಡಿದಾಗ. ಆದ್ದರಿಂದ ಎರಡು ಊರಲ್ಲಿ ಎರಡು ಕೇಂದ್ರ ಬೇಕು, ದಾರಿಯೂ ಎರಡು ಬೇಕು. ಎರಡೂ ಕಡೆ ಡೆಸ್ಕ್‌ಟಾಪಿನ ಪಕ್ಕದಲ್ಲೇ ದಾಖಲೆಯ ಪ್ರತಿ ಇರಬೇಕು. ಇಲ್ಲವಾದರೆ ಬೆಳೆಸಾಲಕ್ಕೆಂದು ಪಹಣಿ ಕೇಳಿಬಂದ ಸಿರುಗುಪ್ಪದ ರೈತ, ಕರಣಂ ಊರಲ್ಲಿಲ್ಲದ ದಿನ ಅವನ ಅಜ್ಜ ಮರಳಿದಂತೆ, ಬರಿಗೈಲಿ ಮರಳುತ್ತಾನೆ.