ಜಾಲತಾಣದ ಅಂಕಿಅಂಶಗಳನ್ನು ವ್ಯವಹಾರದ ನಿರ್ಧಾರಗಳಿಗೆ ಬಳಸುವ ವಿಧಾನ – ಸಣ್ಣ ಉದ್ಯಮಿಗಳಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಸ್ವಂತ ಜಾಲತಾಣದ ಮೂಲಕ ತಮ್ಮ ಉತ್ಪನ್ನಗಳನ್ನು ಮಾರಾಟ ಮಾಡುವ ಕುಶಲಕರ್ಮಿಗಳು, ಸ್ವಸಹಾಯ ಸಂಘಗಳು ಹಾಗೂ ಸಣ್ಣ ಉದ್ಯಮಿಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಸಾಲ ಅಥವಾ ಸಹಾಯಧನ ಕೋರಿ ಅರ್ಜಿ ಸಲ್ಲಿಸುವವರು ಯೋಜನಾ ವರದಿಯಲ್ಲಿ ಮುಂದಿನ ವರ್ಷಗಳ ಮಾರಾಟದ ಅಂದಾಜನ್ನು ನಮೂದಿಸಬೇಕಾಗುತ್ತದೆ. ಜಾಲತಾಣಕ್ಕೆ ಬಂದ ಭೇಟಿಗಳ ಸಂಖ್ಯೆಯೊಂದನ್ನೇ ಈ ಅಂದಾಜಿಗೆ ಆಧಾರವಾಗಿಟ್ಟುಕೊಳ್ಳುವುದು ಸೂಕ್ತವಲ್ಲ. ಸಾಲದ ಕಂತು ಮಾರಾಟದ ಹಣದಿಂದ ತೀರಬೇಕೇ ಹೊರತು ಭೇಟಿಗಳ ಸಂಖ್ಯೆಯಿಂದಲ್ಲ.

ಜಾಲತಾಣಕ್ಕೆ ಯಾರು, ಎಲ್ಲಿಂದ, ಯಾವಾಗ ಬಂದರು ಮತ್ತು ಬಂದವರು ಏನು ಮಾಡಿದರು ಎಂಬುದನ್ನು ಅಳೆದು ಅರ್ಥೈಸುವ ಕ್ರಮಕ್ಕೆ ವೆಬ್ ಅನಲಿಟಿಕ್ಸ್ ಅಥವಾ ಜಾಲತಾಣ ಅಂಕಿಅಂಶ ವಿಶ್ಲೇಷಣೆ ಎಂದು ಹೆಸರು. ಇದನ್ನು ಕಲಿಯಲು ಗಣಿತದ ವಿಶೇಷ ಪರಿಣತಿ ಬೇಕಿಲ್ಲ. ಆದರೆ ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬ ವಿವೇಚನೆ ಅತ್ಯಗತ್ಯ. ವಿಷಯವು ಸುಲಭವಾಗಿ ತಿಳಿಯಲೆಂದು, ಚನ್ನಪಟ್ಟಣದ ಅರಗಿನ ಆಟಿಕೆಗಳನ್ನೂ ದಸರಾ ಗೊಂಬೆಗಳನ್ನೂ ಜಾಲತಾಣದ ಮೂಲಕ ಮಾರುವ ಒಂದು ಕಾಲ್ಪನಿಕ ಘಟಕವನ್ನು ಈ ಲೇಖನದುದ್ದಕ್ಕೂ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

2. ಅಂಕಿಅಂಶಗಳು ಸಂಗ್ರಹವಾಗುವ ಬಗೆ

ಅಂಕಿಅಂಶಗಳು ಮುಖ್ಯವಾಗಿ ಎರಡು ಬಗೆಯಲ್ಲಿ ಸಂಗ್ರಹವಾಗುತ್ತವೆ.

(ಅ) ಸರ್ವರ್ ದಾಖಲೆ: ಜಾಲತಾಣವನ್ನು ಇರಿಸಿರುವ ಗಣಕಯಂತ್ರವು ತನಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ಸಮಯ ಸಹಿತ ದಾಖಲಿಸುತ್ತದೆ. ಈ ದಾಖಲೆಯಲ್ಲಿ ಮನುಷ್ಯರ ಭೇಟಿಗಳ ಜೊತೆಗೆ ಹುಡುಕುತಾಣಗಳು ಕಳುಹಿಸುವ ಸ್ವಯಂಚಾಲಿತ ತಂತ್ರಾಂಶಗಳ ಭೇಟಿಗಳೂ ಸೇರಿರುತ್ತವೆ. ಆದುದರಿಂದ ಇಲ್ಲಿ ಸಂಖ್ಯೆ ದೊಡ್ಡದಾಗಿ ಕಾಣುವುದು ಸಹಜ.

(ಆ) ಪುಟದಲ್ಲಿ ಅಳವಡಿಸಿದ ಸಂಕೇತ: ಪ್ರತಿ ಪುಟದಲ್ಲಿ ಒಂದು ಸಣ್ಣ ಜಾವಾಸ್ಕ್ರಿಪ್ಟ್ ತುಣುಕನ್ನು ಸೇರಿಸಲಾಗುತ್ತದೆ. ಸಂದರ್ಶಕರ ಬ್ರೌಸರ್‌ನಲ್ಲಿ ಪುಟ ತೆರೆದಾಗ ಅದು ವಿಶ್ಲೇಷಣಾ ಸೇವೆಗೆ ಮಾಹಿತಿ ಕಳುಹಿಸುತ್ತದೆ. ಗೂಗಲ್ ಸಂಸ್ಥೆಯು 2005ರಲ್ಲಿ ಅರ್ಚಿನ್ ಎಂಬ ಕಂಪನಿಯನ್ನು ಖರೀದಿಸಿ, ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಸೇವೆಯನ್ನು ಆರಂಭಿಸಿತು. ಅಂಕಿಅಂಶಗಳನ್ನು ತಮ್ಮ ಸ್ವಂತ ಸರ್ವರ್‌ನಲ್ಲಿಯೇ ಇರಿಸಿಕೊಳ್ಳಬಯಸುವವರಿಗೆ ಮಟೊಮೊ ಎಂಬ ಮುಕ್ತ ತಂತ್ರಾಂಶವು ಲಭ್ಯವಿದೆ. 2018ಕ್ಕೆ ಮೊದಲು ಇದರ ಹೆಸರು ಪಿವಿಕ್ ಎಂದಿತ್ತು.

3. ಪ್ರಮುಖ ಪದಗಳು ಮತ್ತು ಅವುಗಳ ಮಿತಿ

(ಅ) ಬಳಕೆದಾರರು: ಸಾಧನವು ಸಾಮಾನ್ಯವಾಗಿ ಎಣಿಸುವುದು ವ್ಯಕ್ತಿಗಳನ್ನಲ್ಲ, ಬ್ರೌಸರ್‌ಗಳನ್ನು. ಒಬ್ಬರೇ ಬೆಳಿಗ್ಗೆ ಮೊಬೈಲ್‌ನಲ್ಲಿಯೂ ಸಂಜೆ ಗಣಕಯಂತ್ರದಲ್ಲಿಯೂ ನೋಡಿದರೆ ಇಬ್ಬರೆಂದು ಲೆಕ್ಕವಾಗಬಹುದು. ಒಂದೇ ಮೊಬೈಲ್‌ ಅನ್ನು ಮನೆಮಂದಿಯೆಲ್ಲ ಬಳಸಿದರೆ ಒಬ್ಬರೆಂದೇ ಲೆಕ್ಕವಾಗುತ್ತದೆ.

(ಆ) ಭೇಟಿ: ಒಂದು ಅವಧಿಯಲ್ಲಿ ನಡೆದ ವೀಕ್ಷಣೆಗಳ ಗುಂಪು. ಗೂಗಲ್ ಅನಲಿಟಿಕ್ಸ್‌ನಲ್ಲಿ 30 ನಿಮಿಷಗಳ ಕಾಲ ಯಾವ ಚಟುವಟಿಕೆಯೂ ಇಲ್ಲದಿದ್ದಲ್ಲಿ ಭೇಟಿ ಮುಗಿದಂತೆ ಪರಿಗಣಿಸಲಾಗುತ್ತದೆ. ಅವಧಿಯನ್ನು ಬದಲಾಯಿಸಲು ಅವಕಾಶವಿದೆ.

(ಇ) ಆಗಮನ ಮೂಲ: ಸಂದರ್ಶಕರು ಹುಡುಕುತಾಣ, ಜಾಹೀರಾತು, ಬೇರೆ ಜಾಲತಾಣ ಇವುಗಳ ಪೈಕಿ ಎಲ್ಲಿಂದ ಬಂದರು ಎಂಬ ವಿವರ. ವಾಟ್ಸ್‌ಆ್ಯಪ್ ಸಂದೇಶದಲ್ಲಿನ ಕೊಂಡಿಯನ್ನು ಒತ್ತಿ ಬಂದವರು ಬಹುಮಟ್ಟಿಗೆ 'ನೇರ' ಎಂಬ ಶೀರ್ಷಿಕೆಯ ಅಡಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಇದನ್ನು ಪ್ರತ್ಯೇಕಿಸಲು ಕೊಂಡಿಯ ಕೊನೆಯಲ್ಲಿ ಯು.ಟಿ.ಎಂ. ಎಂಬ ಗುರುತನ್ನು ಸೇರಿಸಿ ಹಂಚಿಕೊಳ್ಳತಕ್ಕದ್ದು.

(ಈ) ಮುಖ್ಯ ಘಟನೆ: ವ್ಯವಹಾರಕ್ಕೆ ನಿಜವಾಗಿ ಬೇಕಾದ ಕ್ರಿಯೆ. ಉದಾಹರಣೆಗೆ, ಹಣ ಪಾವತಿಯಾದ ಖರೀದಿ ಆದೇಶ, ಸಗಟು ವ್ಯಾಪಾರಿಯ ವಿಚಾರಣೆ, ದೂರವಾಣಿ ಕರೆ. ಉಳಿದೆಲ್ಲ ಅಂಕಿಗಳನ್ನೂ ಇದಕ್ಕೆ ಹೋಲಿಸಿಯೇ ನೋಡಬೇಕು.

4. ಪ್ರಾರಂಭಿಕ ಸಿದ್ಧತೆ

ಜಾಲತಾಣ ಆರಂಭವಾದ ದಿನವೇ ಕೆಳಕಂಡ ಕ್ರಮಗಳನ್ನು ಕೈಗೊಳ್ಳುವುದು ಉತ್ತಮ.

(ಅ) ವಿಶ್ಲೇಷಣಾ ಖಾತೆಯನ್ನು ಉದ್ಯಮದ ಮಾಲೀಕರ ಅಥವಾ ಸಂಘದ ಹೆಸರಿನಲ್ಲಿಯೇ ತೆರೆಯತಕ್ಕದ್ದು. ಜಾಲತಾಣ ನಿರ್ಮಿಸಿಕೊಟ್ಟವರ ಸ್ವಂತ ಖಾತೆಯಲ್ಲಿ ತೆರೆದಲ್ಲಿ, ಅವರು ಕೆಲಸ ಬಿಟ್ಟ ನಂತರ ಹಿಂದಿನ ದಾಖಲೆ ಕೈತಪ್ಪುವ ಸಂಭವವಿರುತ್ತದೆ.

(ಆ) ಮಾಲೀಕರು ಮತ್ತು ಸಿಬ್ಬಂದಿಯ ಭೇಟಿಗಳನ್ನು ಲೆಕ್ಕದಿಂದ ಹೊರಗಿಡುವ ವ್ಯವಸ್ಥೆ ಮಾಡಿಕೊಳ್ಳುವುದು. ಸಣ್ಣ ಜಾಲತಾಣಗಳಲ್ಲಿ ಒಳಗಿನವರ ಭೇಟಿಗಳೇ ಗಣನೀಯ ಪಾಲು ಆಗಿರಬಹುದು.

(ಇ) ದತ್ತಾಂಶ ಉಳಿಸಿಕೊಳ್ಳುವ ಅವಧಿಯನ್ನು ಪರಿಶೀಲಿಸುವುದು. ಗೂಗಲ್ ಅನಲಿಟಿಕ್ಸ್‌ನ ಉಚಿತ ಆವೃತ್ತಿಯಲ್ಲಿ ವಿವರವಾದ ದತ್ತಾಂಶವು ಪೂರ್ವನಿಗದಿಯಂತೆ 2 ತಿಂಗಳು ಮಾತ್ರ ಉಳಿಯುತ್ತದೆ. ಇದನ್ನು 14 ತಿಂಗಳಿಗೆ ಹೆಚ್ಚಿಸಿಕೊಳ್ಳಲು ಅವಕಾಶವಿದೆ. ಒಂದು ಹಬ್ಬದ ಋತುವನ್ನು ಹಿಂದಿನ ವರ್ಷದ ಋತುವಿನೊಡನೆ ಸವಿವರವಾಗಿ ಹೋಲಿಸಲು 2 ತಿಂಗಳು ಸಾಲುವುದಿಲ್ಲ.

(ಈ) ಪ್ರತಿ ತಿಂಗಳ ಸಾರಾಂಶವನ್ನು ಸ್ವಂತ ಲೆಕ್ಕಪುಸ್ತಕದಲ್ಲಿ ಬರೆದಿಡುವುದು. ಗೂಗಲ್ ಅನಲಿಟಿಕ್ಸ್‌ನ ಹಳೆಯ ಸಾಮಾನ್ಯ ಆವೃತ್ತಿಯು 2023ರ ಜುಲೈ 1ರಿಂದ ಹೊಸ ಅಂಕಿಅಂಶ ಸ್ವೀಕರಿಸುವುದನ್ನು ನಿಲ್ಲಿಸಿತು. 2024ರ ಜುಲೈನಿಂದ ಹಳೆಯ ಅಂಕಿಅಂಶಗಳೂ ಬಳಕೆದಾರರಿಗೆ ದೊರೆಯದಂತಾದವು. ಪ್ರತಿ ತೆಗೆದಿಟ್ಟುಕೊಂಡವರಿಗೆ ಮಾತ್ರ ಹಿಂದಿನ ವರ್ಷಗಳ ದಾಖಲೆ ಉಳಿಯಿತು.

(ಉ) ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ಜಾಲತಾಣವನ್ನು ನೋಂದಾಯಿಸುವುದು. ಜನರು ಯಾವ ಪದಗಳನ್ನು ಹುಡುಕಿದಾಗ ತಮ್ಮ ಪುಟ ಕಾಣಿಸಿತು ಎಂಬುದು ಇದರಿಂದ ತಿಳಿಯುತ್ತದೆ. ಜನರು ಕನ್ನಡ ಲಿಪಿಯಲ್ಲಿ ಹುಡುಕುತ್ತಿದ್ದರೂ ಪುಟದಲ್ಲಿ ಕನ್ನಡದ ಹೆಸರೇ ಇಲ್ಲದಿದ್ದಲ್ಲಿ, ಅದನ್ನು ಸೇರಿಸುವುದು ವೆಚ್ಚವಿಲ್ಲದ ಸುಧಾರಣೆಯಾಗಿದೆ.

5. ಮೊದಲು ಪ್ರಶ್ನೆ, ಅನಂತರ ಅಂಕಿ

ವರದಿಯನ್ನು ತೆರೆಯುವ ಮೊದಲು, ತಾವು ತೆಗೆದುಕೊಳ್ಳಬೇಕಾದ ನಿರ್ಧಾರವನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳತಕ್ಕದ್ದು. ಉದಾಹರಣೆಗೆ: "ಮುಂದಿನ ತಿಂಗಳೂ ಜಾಹೀರಾತಿಗೆ 6,000 ರೂಪಾಯಿ ವ್ಯಯಿಸಬೇಕೇ?" ಈ ಪ್ರಶ್ನೆಗೆ ಉತ್ತರ ನೀಡದ ಅಂಕಿಗಳನ್ನು ಸದ್ಯಕ್ಕೆ ಬದಿಗಿಡಬಹುದು.

ಲೆಕ್ಕದ ವಿಧಾನವನ್ನು ತಿಳಿಸಲು ಮಾತ್ರ ಕೆಳಗಿನ ಕಾಲ್ಪನಿಕ ಅಂಕಿಗಳನ್ನು ನೀಡಲಾಗಿದೆ.

ಜಾಹೀರಾತು: ವೆಚ್ಚ 6,000 ರೂ.; ಭೇಟಿಗಳು 2,000; ಖರೀದಿ ಆದೇಶಗಳು 10.
ವಾಟ್ಸ್‌ಆ್ಯಪ್ ಕೊಂಡಿ: ನೇರ ವೆಚ್ಚ ಇಲ್ಲ, ಭೇಟಿಗಳು 150, ಖರೀದಿ ಆದೇಶಗಳು 9.
ಜಾಹೀರಾತು ವೆಚ್ಚ ಕಳೆಯುವ ಮುನ್ನ ಪ್ರತಿ ಆದೇಶದ ಲಾಭ: 250 ರೂ.

ಭೇಟಿಗಳನ್ನು ಮಾತ್ರ ನೋಡಿದರೆ ಜಾಹೀರಾತು ಬಹಳ ಯಶಸ್ವಿಯಾದಂತೆ ತೋರುತ್ತದೆ. ಆದರೆ ಜಾಹೀರಾತಿನಿಂದ ಬಂದ ಪ್ರತಿ ಆದೇಶಕ್ಕೆ 600 ರೂ. ವೆಚ್ಚವಾಗಿದೆ. 10 ಆದೇಶಗಳ ಲಾಭ 2,500 ರೂ.; ವೆಚ್ಚ ಕಳೆದರೆ 3,500 ರೂ. ನಷ್ಟ. ವೆಚ್ಚವಾದರೂ ಹುಟ್ಟಬೇಕಾದರೆ 24 ಆದೇಶಗಳು ಬರಬೇಕಿತ್ತು. ವಾಟ್ಸ್‌ಆ್ಯಪ್‌ನಿಂದ ಬಂದವರು ಕಡಿಮೆಯಾದರೂ ಅವರಿಂದ 2,250 ರೂ. ಲಾಭವಾಗಿದೆ. ಸಂದೇಶ ಕಳುಹಿಸಲು ತಗುಲಿದ ಶ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ನ್ಯಾಯ.

ಜಾಹೀರಾತನ್ನು ನಿಲ್ಲಿಸುವ ಮುನ್ನ, ಬಂದವರು ಎಲ್ಲಿಂದ ಹಿಂದಿರುಗಿದರು ಎಂಬುದನ್ನೂ ನೋಡಬೇಕು. ಉತ್ಪನ್ನದ ಪುಟ, ಖರೀದಿ ಬುಟ್ಟಿ, ವಿಳಾಸ, ಪಾವತಿ – ಈ ನಾಲ್ಕು ಹಂತಗಳಲ್ಲಿ ಎಷ್ಟು ಜನ ಉಳಿದರು ಎಂಬುದನ್ನು ಸಾಲಾಗಿ ಬರೆದರೆ ದೋಷದ ಸ್ಥಳ ತಿಳಿಯುತ್ತದೆ. ವಿಳಾಸದ ಹಂತದವರೆಗೆ ಬಂದವರು ಪಾವತಿಯ ಹಂತದಲ್ಲಿ ಹಿಂದಿರುಗುತ್ತಿದ್ದರೆ, ಸಾಗಣೆ ವೆಚ್ಚವನ್ನು ಕೊನೆಯಲ್ಲಿ ತಿಳಿಸುತ್ತಿರುವುದು ಕಾರಣವಾಗಿರಬಹುದು. ಅಂಕಿಯು ಸ್ಥಳವನ್ನು ತೋರಿಸುತ್ತದೆ. ಕಾರಣವನ್ನು ಗ್ರಾಹಕರನ್ನು ಕೇಳಿಯೇ ತಿಳಿಯಬೇಕು.

6. ಕಾಲಾವಧಿಗಳ ಹೋಲಿಕೆ: ಹಬ್ಬದ ಋತುವಿನ ವಿಷಯದಲ್ಲಿ ಎಚ್ಚರಿಕೆ

ವಿಶ್ಲೇಷಣಾ ಸಾಧನಗಳು ಇಂಗ್ಲಿಷ್ ಕ್ಯಾಲೆಂಡರ್‌ನ ತಿಂಗಳುಗಳನ್ನು ಹೋಲಿಸುತ್ತವೆ. ನಮ್ಮ ಹಬ್ಬಗಳು ಚಾಂದ್ರಮಾನ ಪಂಚಾಂಗವನ್ನು ಅನುಸರಿಸುತ್ತವೆ. ವಿಜಯದಶಮಿಯು 2023ರಲ್ಲಿ ಅಕ್ಟೋಬರ್ 24ರಂದು, 2024ರಲ್ಲಿ ಅಕ್ಟೋಬರ್ 12ರಂದು ಹಾಗೂ 2025ರಲ್ಲಿ ಅಕ್ಟೋಬರ್ 2ರಂದು ಬಂದಿತು. 2024ರ ನವರಾತ್ರಿಯು ಅಕ್ಟೋಬರ್ 3ರಂದು ಆರಂಭವಾಗಿ ಪೂರ್ಣವಾಗಿ ಅದೇ ತಿಂಗಳಿನಲ್ಲಿತ್ತು. 2025ರಲ್ಲಿ ಅದು ಸೆಪ್ಟೆಂಬರ್ 22ರಂದೇ ಆರಂಭವಾಗಿ, ಹೆಚ್ಚಿನ ದಿನಗಳು ಸೆಪ್ಟೆಂಬರ್‌ನಲ್ಲಿಯೇ ಕಳೆದವು.

ಗೊಂಬೆ ಮಾರುವ ಘಟಕವು 2024ರ ಅಕ್ಟೋಬರ್‌ನ ವರದಿಯನ್ನು 2025ರ ಅಕ್ಟೋಬರ್‌ನ ವರದಿಯೊಡನೆ ಹೋಲಿಸಿದರೆ, ವ್ಯಾಪಾರ ಕುಸಿದಿದೆ ಎಂದೇ ತೋರುವುದು. ಅದನ್ನು ನಂಬಿ ಮುಂದಿನ ವರ್ಷದ ಮರದ ಖರೀದಿಯನ್ನು ಕಡಿತಗೊಳಿಸಿದರೆ, ಕಡಸಲು ಯಂತ್ರದ ಮುಂದೆ ಕುಳಿತು ದುಡಿಯುವವರ ಕೆಲಸಕ್ಕೆ ಕುತ್ತು ಬರುತ್ತದೆ. ಇಲ್ಲಿ ದೋಷವು ಬೇಡಿಕೆಯಲ್ಲಿಲ್ಲ, ಹೋಲಿಕೆಯಲ್ಲಿದೆ.

ಸರಿಯಾದ ವಿಧಾನವೆಂದರೆ ಹಬ್ಬದಿಂದ ಹಿಂದಕ್ಕೆ ದಿನಗಳನ್ನು ಎಣಿಸುವುದು. ವಿಜಯದಶಮಿಗೆ ಹಿಂದಿನ 60 ದಿನಗಳನ್ನು ತೆಗೆದುಕೊಂಡರೆ, 2024ರಲ್ಲಿ ಆಗಸ್ಟ್ 13ರಿಂದಲೂ 2025ರಲ್ಲಿ ಆಗಸ್ಟ್ 3ರಿಂದಲೂ ಲೆಕ್ಕ ಆರಂಭಿಸಬೇಕಾಗುತ್ತದೆ. ಸಾಧನದಲ್ಲಿ ಈ ದಿನಾಂಕಗಳನ್ನು ಕೈಯಾರೆ ನಮೂದಿಸಲು ಅವಕಾಶವಿದೆ. ಗೌರಿ-ಗಣೇಶ, ದೀಪಾವಳಿ, ಯುಗಾದಿ, ರಂಜಾನ್ ಋತುಗಳ ವ್ಯಾಪಾರಕ್ಕೂ ಇದೇ ಕ್ರಮ ಅನ್ವಯಿಸುತ್ತದೆ.

7. ಬದಲಾವಣೆಗಳನ್ನು ಪರೀಕ್ಷಿಸುವುದು ಮತ್ತು ಸಣ್ಣ ಸಂಖ್ಯೆಗಳ ಮಿತಿ

ಒಂದು ಪುಟದ ಎರಡು ರೂಪಗಳನ್ನು ಸಂದರ್ಶಕರಿಗೆ ಯಾದೃಚ್ಛಿಕವಾಗಿ ಹಂಚಿ ತೋರಿಸಿ, ಯಾವುದು ಹೆಚ್ಚು ಫಲ ನೀಡುತ್ತದೆ ಎಂದು ನೋಡುವ ಕ್ರಮಕ್ಕೆ ಎ/ಬಿ ಪರೀಕ್ಷೆ ಎನ್ನುತ್ತಾರೆ. 2007ರ ಡಿಸೆಂಬರ್‌ನಲ್ಲಿ, ಅಮೆರಿಕಾದ ಅಧ್ಯಕ್ಷೀಯ ಚುನಾವಣೆಗೆ ಸ್ಪರ್ಧಿಸಿದ್ದ ಬರಾಕ್ ಒಬಾಮಾ ಅವರ ಪ್ರಚಾರ ತಂಡವು ಇದೇ ತತ್ವದ ಮೇಲೆ ತನ್ನ ಜಾಲತಾಣದ ನೋಂದಣಿ ಪುಟವನ್ನು ಪರೀಕ್ಷಿಸಿತು. 4 ಬಗೆಯ ಗುಂಡಿಗಳು ಮತ್ತು 6 ಬಗೆಯ ಚಿತ್ರ ಹಾಗೂ ವಿಡಿಯೋಗಳನ್ನು ಸೇರಿಸಿ 24 ರೂಪಗಳನ್ನು ಸಿದ್ಧಪಡಿಸಲಾಗಿತ್ತು. ಸಿಬ್ಬಂದಿಯ ಒಲವು ವಿಡಿಯೋ ಕಡೆಗೆ ಇತ್ತು. ಆದರೆ ಎಲ್ಲ ವಿಡಿಯೋಗಳೂ ಚಿತ್ರಗಳಿಗಿಂತ ಹಿಂದೆ ಬಿದ್ದವು. ಕುಟುಂಬದ ಚಿತ್ರ ಮತ್ತು 'ಹೆಚ್ಚಿನ ಮಾಹಿತಿ ತಿಳಿಯಿರಿ' ಎಂಬರ್ಥದ ಗುಂಡಿಯಿದ್ದ ರೂಪವು ಗೆದ್ದಿತು. ನೋಂದಣಿಯ ಪ್ರಮಾಣವು ಮೂಲ ಪುಟದಲ್ಲಿ ಶೇ. 8.26 ಇದ್ದು, ಗೆದ್ದ ಪುಟದಲ್ಲಿ ಶೇ. 11.6 ಆಗಿತ್ತು.

ಅನುಭವಸ್ಥರ ಊಹೆಯೂ ತಪ್ಪಬಹುದು ಎಂಬುದು ಇದರಿಂದ ಕಲಿಯಬೇಕಾದ ಮೊದಲ ಪಾಠ. ಎರಡನೆಯದು ಅಷ್ಟೇ ಮುಖ್ಯ: ಆ ಪರೀಕ್ಷೆಯಲ್ಲಿ ಪ್ರತಿ ರೂಪವನ್ನೂ ಸುಮಾರು 13,000 ಜನರು ನೋಡಿದ್ದರು. ಸಣ್ಣ ಘಟಕದಲ್ಲಿ ಒಂದು ರೂಪಕ್ಕೆ 400 ಭೇಟಿಗಳಿಂದ 8 ಆದೇಶಗಳು, ಇನ್ನೊಂದಕ್ಕೆ 400 ಭೇಟಿಗಳಿಂದ 12 ಆದೇಶಗಳು ಬಂದಲ್ಲಿ, ಎರಡನೆಯದು ಉತ್ತಮವೆಂದು ತೀರ್ಮಾನಿಸಲಾಗದು. ಇಷ್ಟು ವ್ಯತ್ಯಾಸವು ಕೇವಲ ಆಕಸ್ಮಿಕವಾಗಿಯೂ ಉಂಟಾಗಬಹುದು. ಅಂತಹ ಸಂದರ್ಭದಲ್ಲಿ ಗುಂಡಿಯ ಬಣ್ಣದಂತಹ ಸಣ್ಣ ಬದಲಾವಣೆಗಳನ್ನು ಅಳೆಯುವುದಕ್ಕಿಂತ, ಮೊಬೈಲ್‌ನಲ್ಲಿ ಪುಟ ಬೇಗ ತೆರೆಯುವಂತೆ ಮಾಡುವುದು, ಬೆಲೆಯನ್ನು ಸ್ಪಷ್ಟವಾಗಿ ತೋರಿಸುವುದು ಮುಂತಾದ ಮೂಲ ದೋಷಗಳನ್ನು ಸರಿಪಡಿಸುವುದು ಲೇಸು.

8. ಸಂದರ್ಶಕರ ವೈಯಕ್ತಿಕ ಮಾಹಿತಿಯ ರಕ್ಷಣೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು 2023ರಲ್ಲಿ ಸಂಸತ್ತು ಅಂಗೀಕರಿಸಿದೆ. ಇದರ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಹಂತ ಹಂತವಾಗಿ ಜಾರಿಗೆ ತರಲಾಗುತ್ತಿದೆ. ಯಾವ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂಬ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದಿಕೊಳ್ಳುವ ಆಯ್ಕೆಯನ್ನು ಈ ಅಧಿನಿಯಮವು ಜನರಿಗೆ ನೀಡುತ್ತದೆ. ಕನ್ನಡವೂ ಈ ಅನುಸೂಚಿಯಲ್ಲಿ ಸೇರಿದೆ. ಉದ್ಯಮಿಗಳು ತಮಗೆ ಅಗತ್ಯವಿಲ್ಲದ ಮಾಹಿತಿಯನ್ನು ಸಂಗ್ರಹಿಸಬಾರದು. ಗ್ರಾಹಕರ ಹೆಸರು, ದೂರವಾಣಿ ಸಂಖ್ಯೆ, ಮಿಂಚಂಚೆ ವಿಳಾಸಗಳನ್ನು ಗೂಗಲ್ ಅನಲಿಟಿಕ್ಸ್‌ಗೆ ರವಾನಿಸುವುದನ್ನು ಆ ಸೇವೆಯ ಷರತ್ತುಗಳೇ ನಿಷೇಧಿಸಿವೆ.

9. ಸಾಮಾನ್ಯವಾಗಿ ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ವರದಿಯನ್ನು ಪ್ರತಿದಿನ ನೋಡಬೇಕೇ?
ಉತ್ತರ: ಅಗತ್ಯವಿಲ್ಲ. ವಾರಕ್ಕೊಮ್ಮೆ ದೋಷಗಳಿಗಾಗಿ, ತಿಂಗಳಿಗೊಮ್ಮೆ ನಿರ್ಧಾರಗಳಿಗಾಗಿ ನೋಡಿದರೆ ಸಾಕು. ದಿನದಿನದ ಏರಿಳಿತಗಳಿಂದ ಅನಗತ್ಯ ಆತಂಕ ಉಂಟಾಗುತ್ತದೆ.

ಪ್ರಶ್ನೆ: ಸಾಧನದ ಲೆಕ್ಕಕ್ಕೂ ಮಾರಾಟದ ಪುಸ್ತಕಕ್ಕೂ ತಾಳೆಯಾಗದಿದ್ದಲ್ಲಿ ಯಾವುದನ್ನು ನಂಬಬೇಕು?
ಉತ್ತರ: ಹಣದ ವಿಷಯದಲ್ಲಿ ಮಾರಾಟದ ಪುಸ್ತಕವನ್ನೇ ನಂಬತಕ್ಕದ್ದು. ಕೆಲವು ಬ್ರೌಸರ್‌ಗಳು ಅಳತೆಯ ಸಂಕೇತವನ್ನು ತಡೆಯುವುದರಿಂದ ಸಾಧನದ ಲೆಕ್ಕ ಕಡಿಮೆಯಾಗಬಹುದು.

ಪ್ರಶ್ನೆ: ಯೋಜನಾ ವರದಿಯಲ್ಲಿ ಏನನ್ನು ನಮೂದಿಸುವುದು ಸೂಕ್ತ?
ಉತ್ತರ: ಭೇಟಿಗಳ ಜೊತೆಗೆ ಖರೀದಿ ಆದೇಶಗಳ ಸಂಖ್ಯೆ, ಪ್ರತಿ ಆದೇಶಕ್ಕೆ ತಗುಲಿದ ಪ್ರಚಾರ ವೆಚ್ಚ, ಮರಳಿ ಬಂದ ಸರಕಿನ ವಿವರ ಹಾಗೂ ಹಬ್ಬದ ಋತು ಮತ್ತು ಉಳಿದ ತಿಂಗಳುಗಳ ಮಾರಾಟವನ್ನು ಪ್ರತ್ಯೇಕವಾಗಿ ನಮೂದಿಸುವುದು ಸೂಕ್ತ. ಹಬ್ಬದ ತಿಂಗಳ ಮಾರಾಟವನ್ನು 12ರಿಂದ ಗುಣಿಸಿ ವಾರ್ಷಿಕ ಅಂದಾಜು ಮಾಡಬಾರದು. ಸಾಲದ ಕಂತು ಹಬ್ಬವಿಲ್ಲದ ತಿಂಗಳುಗಳಲ್ಲಿಯೂ ಬರುತ್ತದೆ ಎಂಬುದನ್ನು ಅರ್ಜಿದಾರರು ಗಮನದಲ್ಲಿಡತಕ್ಕದ್ದು.

ಸೂಚನೆ: ಮೇಲ್ಕಂಡ ಸಾಧನಗಳ ಹೆಸರುಗಳನ್ನು ಮಾಹಿತಿಗಾಗಿ ಮಾತ್ರ ನೀಡಲಾಗಿದ್ದು, ಇದನ್ನು ಯಾವುದೇ ಖಾಸಗಿ ಸೇವೆಯ ಶಿಫಾರಸು ಎಂದು ಭಾವಿಸಬಾರದಾಗಿ ಕೋರಲಾಗಿದೆ. ಸೇವೆಗಳ ಷರತ್ತುಗಳು ಬದಲಾಗುತ್ತಿರುವುದರಿಂದ, ಬಳಸುವ ಮುನ್ನ ಆಯಾ ಸೇವೆಯ ಪ್ರಚಲಿತ ನಿಬಂಧನೆಗಳನ್ನು ಓದಿಕೊಳ್ಳತಕ್ಕದ್ದು.