ಚಾಪದ ಹುಟ್ಟು: ಬೆಸುಗೆ ಮತ್ತು ಪ್ಲಾಸ್ಮಾ ಕತ್ತರಿಕೆಯಲ್ಲಿ ಮೊದಲ ಕಿಡಿಯ ಚರಿತ್ರೆ

ಉಕ್ಕಿನ ಹಲಗೆಯನ್ನು ಬೆಣ್ಣೆಯಂತೆ ಕತ್ತರಿಸುವ ಪ್ಲಾಸ್ಮಾ ಯಂತ್ರದ ಚರಿತ್ರೆಯನ್ನು ನಿವೃತ್ತ ವೈದ್ಯನೊಬ್ಬ ಏಕೆ ಬರೆಯಬೇಕು ಎಂದು ಓದುಗರು ಕೇಳಬಹುದು. ಮೊದಲ ಕಾರಣ ಆ ಹೆಸರಿನಲ್ಲೇ ಇದೆ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿದ್ದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರು 1928ರಲ್ಲಿ ಅಯಾನೀಕೃತ ಅನಿಲಕ್ಕೆ ‘ಪ್ಲಾಸ್ಮಾ’ ಎಂದು ಹೆಸರಿಟ್ಟರು. ರಕ್ತದ ಪ್ಲಾಸ್ಮಾ ಕೆಂಪು, ಬಿಳಿ ಕಣಗಳನ್ನು ಹೊತ್ತು ಸಾಗುತ್ತದೆ. ಈ ಅನಿಲವೂ ಹಾಗೆಯೇ ಎಲೆಕ್ಟ್ರಾನು, ಅಯಾನುಗಳನ್ನು ಹೊತ್ತಿರುತ್ತದೆ. ಈ ಹೋಲಿಕೆಯಿಂದಲೇ ಅವರಿಗೆ ಆ ಹೆಸರು ಹೊಳೆಯಿತೆಂದು ಸಹೋದ್ಯೋಗಿ ಹೆರಾಲ್ಡ್ ಮಾಟ್-ಸ್ಮಿತ್ ಹಲವು ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಪ್ಲಾಸ್ಮಾ ಟಾರ್ಚನ್ನು ಹೊತ್ತಿಸುವ ಕಿಡಿಯೂ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ನಿಲ್ಲಿಸಿದ ಕಿಡಿಯೂ ಒಂದೇ ಮನೆಯ ಮಕ್ಕಳು. ಇವೆರಡನ್ನೂ ಒಟ್ಟಿಗೆ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ವಿದ್ಯುತ್ ಚಾಪಕ್ಕೆ ಹುಟ್ಟಲು ಬೇಕಾದದ್ದೇ ಬೇರೆ, ಬದುಕಲು ಬೇಕಾದದ್ದೇ ಬೇರೆ. ಬದುಕಿಸುವ ವಿದ್ಯೆ ಬೇಗ ಕೈಗೆ ಬಂತು. ಹುಟ್ಟಿಸುವ ವಿದ್ಯೆ ಮಾತ್ರ ಮತ್ತೆ ಮತ್ತೆ ಬದಲಾಗಬೇಕಾಯಿತು, ಮತ್ತು ಕೊನೆಕೊನೆಗೆ ಅದನ್ನು ಬದಲಾಯಿಸಿದ್ದು ಚಾಪಕ್ಕಿಂತ ಹೆಚ್ಚಾಗಿ ಚಾಪದ ಪಕ್ಕದಲ್ಲಿದ್ದವರ ಯೋಗಕ್ಷೇಮ.

ಮುಟ್ಟಿಸಿ ಎಳೆಯುವ ವಿಧಾನ

ಸೇಂಟ್ ಪೀಟರ್ಸ್‌ಬರ್ಗ್‌ನ ವಾಸಿಲಿ ಪೆಟ್ರೋವ್ 1802ರಲ್ಲಿ ದೊಡ್ಡ ಬ್ಯಾಟರಿಯೊಂದರಿಂದ ಎರಡು ಇದ್ದಿಲ ತುಂಡುಗಳ ನಡುವೆ ಪ್ರಖರ ಬೆಳಕನ್ನು ಕಂಡರು. ಕೆಲವೇ ವರ್ಷಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ 2000 ಜೊತೆ ಫಲಕಗಳ ಬ್ಯಾಟರಿಯಿಂದ ಅದನ್ನೇ ಇನ್ನೂ ದೊಡ್ಡದಾಗಿ ತೋರಿಸಿದರು. ಇದ್ದಿಲ ತುದಿಗಳನ್ನು ಒಂದಕ್ಕೊಂದು ತೀರ ಸಮೀಪ ತಂದು, ಕಿಡಿ ಹಾರಿದೊಡನೆ ನಿಧಾನವಾಗಿ ದೂರ ಸರಿಸಿದರೆ ನಡುವೆ ಉರಿಯುವ ಕಮಾನು ನಿಲ್ಲುತ್ತಿತ್ತು. ಆ ಆಕಾರದಿಂದಲೇ ಅದಕ್ಕೆ ಆರ್ಕ್, ಅಂದರೆ ಚಾಪ ಎಂಬ ಹೆಸರು ಬಂತು.

1880ರ ದಶಕದಲ್ಲಿ ನಿಕೊಲಾಯ್ ಬೆನಾರ್ಡೋಸ್ ಮತ್ತು ಸ್ಟಾನಿಸ್ಲಾವ್ ಓಲ್ಷೆವ್‌ಸ್ಕಿ ಈ ಚಾಪದಿಂದ ಲೋಹವನ್ನು ಬೆಸೆದರು. ಅವರಿಗೆ 1887ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. 1888ರಲ್ಲಿ ನಿಕೊಲಾಯ್ ಸ್ಲಾವ್ಯಾನೋವ್ ಇದ್ದಿಲಿನ ಬದಲು ಕರಗಿ ಸೇರಿಕೊಳ್ಳುವ ಲೋಹದ ಕಡ್ಡಿಯನ್ನೇ ಬಳಸಿದರು. 1904ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಎಸಾಬ್ ಕಂಪನಿ ಕಟ್ಟಿದ ಆಸ್ಕರ್ ಷೆಲ್‌ಬೆರಿ ಆ ಕಡ್ಡಿಗೆ ಲೇಪನ ಹಚ್ಚುವುದನ್ನು ರೂಢಿಗೆ ತಂದರು. ಲೇಪನ ಕರಗಿದ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ. ಅದರಲ್ಲಿ ಸೇರಿಸುವ ಕೆಲವು ಲವಣಗಳು ಸುಲಭವಾಗಿ ಅಯಾನೀಕರಣಗೊಂಡು ಚಾಪ ಬೇಗ ಹತ್ತಲೂ ನೆರವಾಗುತ್ತವೆ.

ನಮ್ಮೂರುಗಳ ವೆಲ್ಡಿಂಗ್ ಅಂಗಡಿಯಲ್ಲಿ ಕಿಟಕಿಯ ಗ್ರಿಲ್ ಮಾಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಲ್ಡರಿಗೆ ರಾಡ್ ಸಿಕ್ಕಿಸಿ, ಬೆಂಕಿಕಡ್ಡಿ ಗೀರಿದಂತೆ ಕಬ್ಬಿಣಕ್ಕೆ ಗೀರಿ, ಕೂಡಲೇ ಕೂದಲೆಳೆಯಷ್ಟು ಎತ್ತಬೇಕು. ಎತ್ತುವುದು ತಡವಾದರೆ ರಾಡ್ ಅಂಟಿಕೊಳ್ಳುತ್ತದೆ, ಹೆಚ್ಚು ಎತ್ತಿದರೆ ಚಾಪ ಆರುತ್ತದೆ.

ಚಾಪದ ವಿಚಿತ್ರ ಸ್ವಭಾವ

ಹುಟ್ಟಿದ ಚಾಪವನ್ನು ಬದುಕಿಸುವ ಗುಟ್ಟನ್ನು ಕ್ರಮವಾಗಿ ಅಳೆದು ತೋರಿಸಿದವರು ಇಂಗ್ಲೆಂಡಿನ ಹರ್ತಾ ಏರ್ಟನ್. ಬ್ರಿಟನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆ 1899ರಲ್ಲಿ ಸದಸ್ಯತ್ವ ಕೊಟ್ಟ ಮೊದಲ ಮಹಿಳೆ ಅವರು. 1902ರಲ್ಲಿ ಪ್ರಕಟವಾದ ಅವರ ‘ದಿ ಎಲೆಕ್ಟ್ರಿಕ್ ಆರ್ಕ್’ ಗ್ರಂಥ ಈ ವಿಷಯದಲ್ಲಿ ದೀರ್ಘಕಾಲ ಆಧಾರವಾಗಿತ್ತು.

ಸಾಮಾನ್ಯ ತಂತಿಯಲ್ಲಿ ಹೆಚ್ಚು ಪ್ರವಾಹ ಹರಿಸಲು ಹೆಚ್ಚು ವೋಲ್ಟೇಜ್ ಬೇಕು. ಚಾಪದಲ್ಲಿ ಇದು ತಿರುವುಮುರುವು. ಪ್ರವಾಹ ಹೆಚ್ಚಿದಂತೆ ಅನಿಲ ಇನ್ನಷ್ಟು ಬಿಸಿಯಾಗುತ್ತದೆ, ಅಯಾನುಗಳು ಹೆಚ್ಚುತ್ತವೆ, ದಾರಿ ಸಲೀಸಾಗುತ್ತದೆ, ಬೇಕಾದ ವೋಲ್ಟೇಜ್ ಇಳಿಯುತ್ತದೆ. ಹೀಗಾಗಿ ವೋಲ್ಟೇಜನ್ನು ಬಿಗಿಯಾಗಿ ಹಿಡಿದುಕೊಳ್ಳುವ ವಿದ್ಯುತ್ ಮೂಲಕ್ಕೆ ಚಾಪವನ್ನು ನೇರವಾಗಿ ಜೋಡಿಸಿದರೆ ಪ್ರವಾಹ ಹದ್ದುಮೀರಿ ಏರುತ್ತದೆ, ಇಲ್ಲವೇ ಚಾಪ ನಂದಿಹೋಗುತ್ತದೆ. ಒಂದು ಕೆಡುಕು ಇನ್ನೊಂದನ್ನು ಬೆಳೆಸುವ ಇಂಥ ವಿಷವರ್ತುಲಗಳು ವೈದ್ಯರಿಗೂ ಅಪರಿಚಿತವಲ್ಲ.

ಪರಿಹಾರವೆಂದರೆ, ಪ್ರವಾಹ ಏರಿದಂತೆ ತಾನಾಗಿ ವೋಲ್ಟೇಜ್ ಇಳಿಸಿಕೊಳ್ಳುವ ವಿದ್ಯುತ್ ಮೂಲ. ಮೊದಮೊದಲು ಸಾಲಿನಲ್ಲಿ ಒಂದು ರೋಧಕವನ್ನು ಇಟ್ಟರು. ನಂತರ ಮೋಟಾರ್-ಜನರೇಟರ್ ಜೋಡಿಗಳಿಗೆ ಆ ಗುಣವನ್ನು ಕಲಿಸಿದರು. ಆಮೇಲೆ ಎರಡು ಸುರುಳಿಗಳ ನಂಟನ್ನು ಬೇಕೆಂದೇ ಸಡಿಲಗೊಳಿಸಿದ ಟ್ರಾನ್ಸ್‌ಫಾರ್ಮರುಗಳು ಬಂದವು. ಅಂಗಡಿಯ ಮೂಲೆಯಲ್ಲಿ ಗುಂಯ್‌ಗುಡುವ ಭಾರದ ಪೆಟ್ಟಿಗೆ ಇದೇ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಕೈಬೆಸುಗೆಯ ಚಾಪ ಬದುಕಲು 20–30 ವೋಲ್ಟ್ ಸಾಕು. ಆದರೆ ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರವನ್ನು ಕಿಡಿ ಹಾರಿ ದಾಟಲು ಸುಮಾರು 3000 ವೋಲ್ಟ್ ಬೇಕು. ಬದುಕಿಗೂ ಹುಟ್ಟಿಗೂ ನೂರುಪಟ್ಟು ವ್ಯತ್ಯಾಸ! ಫ್ರೀಡ್ರಿಕ್ ಪಾಶೆನ್ 1889ರಲ್ಲಿ ಕಂಡುಕೊಂಡ ನಿಯಮದ ಪ್ರಕಾರ, ಸುಮಾರು 330 ವೋಲ್ಟ್‌ಗಿಂತ ಕಡಿಮೆಯಿದ್ದರೆ ಗಾಳಿಯಲ್ಲಿ ಅಂತರ ಎಷ್ಟು ಕಿರಿದಾದರೂ ಸಾಮಾನ್ಯವಾಗಿ ಕಿಡಿ ಹಾರದು. ಇತ್ತ ಬೆಸುಗೆಗಾರನ ಜೀವ ಉಳಿಯಬೇಕಾದರೆ ಕೈಯಲ್ಲಿರುವ ಹೋಲ್ಡರಿನ ವೋಲ್ಟೇಜ್ ಕಡಿಮೆ ಇರಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮ ಕೈಬೆಸುಗೆಯ ಯಂತ್ರಗಳಿಗೆ ಏಸಿಯಲ್ಲಿ 80, ಡಿಸಿಯಲ್ಲಿ 100 ವೋಲ್ಟಿನ ಮಿತಿ ಹಾಕಿದೆ. ಆದ್ದರಿಂದ ಮುಟ್ಟಿಸಿ ಎಳೆಯುವುದು ಬಿಟ್ಟರೆ ಬೇರೆ ದಾರಿ ಕಾಣುತ್ತಿರಲಿಲ್ಲ.

ಮುಟ್ಟಬಾರದ ತುದಿ

ಎರಡನೇ ಮಹಾಯುದ್ಧದ ಹೊತ್ತಿಗೆ ಮುಟ್ಟುವುದೇ ತಪ್ಪಾಯಿತು. ಕ್ಯಾಲಿಫೋರ್ನಿಯಾದ ನಾರ್ಥ್ರಾಪ್ ವಿಮಾನ ಕಂಪನಿಗೆ ಹಗುರವಾದ ಮೆಗ್ನೀಸಿಯಮ್ಮನ್ನು ಬೆಸೆಯಬೇಕಿತ್ತು. ಅಲ್ಲಿದ್ದ ರಸೆಲ್ ಮೆರೆಡಿತ್ ಟಂಗ್‌ಸ್ಟನ್ ಎಲೆಕ್ಟ್ರೋಡಿನ ಸುತ್ತ ಹೀಲಿಯಂ ಹರಿಸಿ, ಗಾಳಿ ಸೋಕದಂತೆ ಬೆಸೆಯುವ ‘ಹೀಲಿಯಾರ್ಕ್’ ವಿಧಾನಕ್ಕೆ 1942ರಲ್ಲಿ ಪೇಟೆಂಟ್ ಪಡೆದರು. ಇಂದು ಟಿಗ್ ವೆಲ್ಡಿಂಗ್ ಎನ್ನುವುದು ಇದನ್ನೇ.

ಟಂಗ್‌ಸ್ಟನ್ ತುದಿಯನ್ನು ಲೋಹಕ್ಕೆ ತಾಗಿಸಿದರೆ ಟಂಗ್‌ಸ್ಟನ್ ಚೂರು ಬೆಸುಗೆಯೊಳಗೆ ಸೇರಿಕೊಳ್ಳುತ್ತದೆ, ಬೆಸುಗೆಯ ಲೋಹ ತುದಿಗೆ ಮೆತ್ತಿಕೊಳ್ಳುತ್ತದೆ. ವಿಮಾನದ ಭಾಗದಲ್ಲಿ ಅಂಥ ಚೂರು ಬಿರುಕಿಗೆ ಬೀಜವಾಗಬಲ್ಲದು. ಅಲ್ಯೂಮಿನಿಯಂ ಬೆಸೆಯಲು ಏಸಿ ಬಳಸಿದಾಗ ಇನ್ನೊಂದು ತೊಡಕು: ಪ್ರವಾಹ ಸೆಕೆಂಡಿಗೆ 120 ಸಲ ಸೊನ್ನೆಗೆ ಇಳಿಯುತ್ತದೆ, ಪ್ರತಿ ಸಲವೂ ಚಾಪ ಮರುಹುಟ್ಟು ಪಡೆಯಬೇಕು.

ಆಗ ನೆರವಿಗೆ ಬಂದದ್ದು ಹೈನ್‌ರಿಕ್ ಹರ್ಟ್ಜ್ ಮತ್ತು ನಿಕೊಲಾ ಟೆಸ್ಲಾ ಅವರ ಕಾಲದ ಹಳೆಯ ಉಪಕರಣ. ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಕೆಪಾಸಿಟರಿಗೆ ಸಾವಿರಾರು ವೋಲ್ಟ್ ತುಂಬುತ್ತದೆ. ತುಂಬಿದ್ದು ಮಿತಿ ಮುಟ್ಟಿದಾಗ ಎರಡು ಲೋಹದ ತುದಿಗಳ ನಡುವಿನ ಕಿಡಿಗಂಡಿಯಲ್ಲಿ ಕಿಡಿ ಹಾರುತ್ತದೆ. ಆ ಕ್ಷಣ ಕೆಪಾಸಿಟರ್ ಮತ್ತು ಸುರುಳಿಯ ನಡುವೆ ವಿದ್ಯುತ್ತು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹಿಂದೆಮುಂದೆ ತೂಗುತ್ತದೆ. ಇನ್ನೊಂದು ಸುರುಳಿ ಈ ಅಧಿಕ ಆವರ್ತನದ ವೋಲ್ಟೇಜನ್ನು ಟಾರ್ಚಿನ ತಂತಿಯ ಮೇಲೆ ಹೇರುತ್ತದೆ. ಅಂತರದಲ್ಲಿ ಕಿಡಿಯ ದಾರಿ ತೆರೆದೊಡನೆ ಮುಖ್ಯ ವಿದ್ಯುತ್ ಮೂಲದ ಕಡಿಮೆ ವೋಲ್ಟಿನ ಭಾರೀ ಪ್ರವಾಹ ಅದರ ಹಿಂದೆಯೇ ನುಗ್ಗುತ್ತದೆ. ಹೀಗೆ ಹುಟ್ಟಿಸುವ ಯಂತ್ರವೂ ಬದುಕಿಸುವ ಯಂತ್ರವೂ ಬೇರೆಬೇರೆಯಾದವು.

ಆಪರೇಷನ್ ಥಿಯೇಟರಿನ ಕಿಡಿ

ಸಾವಿರಾರು ವೋಲ್ಟಿನ ಟಾರ್ಚನ್ನು ಮನುಷ್ಯನ ಕೈಗೆ ಕೊಡುವ ಧೈರ್ಯ ಎಲ್ಲಿಂದ ಬಂತು? ಉತ್ತರಕ್ಕೆ ಪ್ಯಾರಿಸ್ಸಿಗೆ ಹೋಗಬೇಕು. ವೈದ್ಯಕೀಯ ಓದಿ ಶರೀರಕ್ರಿಯಾ ವಿಜ್ಞಾನಿಯಾದ ಆರ್ಸೇನ್ ದಾರ್ಸೋನ್ವಾಲ್, 1890ರ ಆಸುಪಾಸಿನಲ್ಲಿ ದೇಹದ ಮೇಲೆ ವಿದ್ಯುತ್ತಿನ ಪರಿಣಾಮವನ್ನು ಪರೀಕ್ಷಿಸುತ್ತಿದ್ದರು. ಆವರ್ತನ ಏರಿದಂತೆ ಸ್ನಾಯುಗಳ ಸೆಳೆತ ಮೊದಲು ಹೆಚ್ಚಿತು, ಆಮೇಲೆ ಇಳಿಯಿತು, ಬಹಳ ಎತ್ತರದ ಆವರ್ತನದಲ್ಲಿ ಇಲ್ಲವಾಯಿತು. ನರದ ಪೊರೆ ಒಂದು ದಿಕ್ಕಿನ ತಳ್ಳಾಟಕ್ಕೆ ಸ್ಪಂದಿಸುವಷ್ಟರಲ್ಲಿ ವಿದ್ಯುತ್ತು ದಿಕ್ಕು ಬದಲಿಸಿರುತ್ತದೆ. ಪ್ರವಾಹ ದೇಹದಲ್ಲಿ ಹರಿದರೂ ಅದರ ಫಲ ಸೆಳೆತವಲ್ಲ, ಬಿಸಿ.

ಈ ಅರಿವಿನ ಮೇಲೆ ಡಯಾಥರ್ಮಿ ಚಿಕಿತ್ಸೆ ಬೆಳೆಯಿತು. 1926ರ ಅಕ್ಟೋಬರ್ 1ರಂದು ಬೋಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್, ಹಾರ್ವರ್ಡಿನ ವಿಲಿಯಂ ಬೋವಿ ತಯಾರಿಸಿದ ವಿದ್ಯುತ್ ಉಪಕರಣದಿಂದ ತಲೆಯ ಗಡ್ಡೆಯೊಂದನ್ನು ತೆಗೆದರು. ರಕ್ತಸ್ರಾವಕ್ಕೆ ಹೆದರಿ ಕೆಲವೇ ದಿನ ಮೊದಲು ಅರ್ಧಕ್ಕೆ ನಿಲ್ಲಿಸಿದ್ದ ಶಸ್ತ್ರಚಿಕಿತ್ಸೆ ಅದು. ಬೋವಿಯವರ ಪೆಟ್ಟಿಗೆಯಲ್ಲಿ ಕತ್ತರಿಸಲು ನಿರ್ವಾತ ನಳಿಕೆಯ ಎಡೆಬಿಡದ ಅಲೆ, ರಕ್ತ ಹೆಪ್ಪುಗಟ್ಟಿಸಲು ಕಿಡಿಗಂಡಿಯ ತುಂಡುತುಂಡು ಅಲೆ ಇತ್ತು. ಮೆರೆಡಿತ್ ಅವರ ಟಂಗ್‌ಸ್ಟನ್ನಿಗೆ ಬೇಕಾದ ಕಿಡಿಗಂಡಿಯನ್ನು ಶಸ್ತ್ರವೈದ್ಯರು ಹದಿನೈದು ವರ್ಷ ಮೊದಲೇ ಬಳಸುತ್ತಿದ್ದರು. ಅಮೆರಿಕದ ಆಪರೇಷನ್ ಥಿಯೇಟರುಗಳಲ್ಲಿ ಇಂದಿಗೂ ಈ ಉಪಕರಣವನ್ನು ‘ಬೋವಿ’ ಎಂದೇ ಕರೆಯುತ್ತೇವೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಅಧಿಕ ಆವರ್ತನ ನರವನ್ನು ಕೆರಳಿಸದಿದ್ದರೂ ಚರ್ಮವನ್ನು ಸುಡಬಲ್ಲದು. ಅದು ತೆರೆದ ದಾರಿಯಲ್ಲಿ ಹಿಂದೆ ಬರುವ ಮುಖ್ಯ ಪ್ರವಾಹಕ್ಕೆ ಈ ಸೌಜನ್ಯವೂ ಇಲ್ಲ.

ಚಾಪವನ್ನು ಹಿಸುಕಿದಾಗ

ಬಫಲೋ ಸಮೀಪ ನೆಲೆಯಿದ್ದ ಯೂನಿಯನ್ ಕಾರ್ಬೈಡಿನ ಲಿಂಡೆ ವಿಭಾಗದಲ್ಲಿ ರಾಬರ್ಟ್ ಗೇಜ್ ಟಿಗ್ ಚಾಪವನ್ನು ತಾಮ್ರದ ಕಿರಿದಾದ ನಾಜಲ್ಲಿನ ಮೂಲಕ ಹಾಯಿಸಿದರು. ಹಿಸುಕಿದ ಚಾಪ ಹೆಚ್ಚು ಬಿಸಿಯಾಯಿತು, ಅನಿಲ ರಭಸದಿಂದ ಚಿಮ್ಮಿತು, ಲೋಹವನ್ನು ಕರಗಿಸಿ ಊದಿ ತೆಗೆಯಿತು. 1957ರ ಸೆಪ್ಟೆಂಬರಿನಲ್ಲಿ ಈ ಟಾರ್ಚಿಗೆ ಪೇಟೆಂಟ್ ಸಿಕ್ಕಿತು. ಆಕ್ಸಿ-ಅಸಿಟಿಲೀನ್ ಜ್ವಾಲೆಗೆ ಬಗ್ಗದ ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಈಗ ಸಲೀಸಾಗಿ ತುಂಡಾದವು.

ಹಿಸುಕಿದ ಚಾಪಕ್ಕೆ ವೋಲ್ಟೇಜ್ ಹೆಚ್ಚು ಬೇಕು. ಚಾಪ ಹೊತ್ತುವ ಮೊದಲು ಪ್ಲಾಸ್ಮಾ ಯಂತ್ರದ ವೋಲ್ಟೇಜ್ ಸಾಮಾನ್ಯವಾಗಿ 200ರಿಂದ 400ರ ನಡುವೆ ಇರುತ್ತದೆ. ಎಲೆಕ್ಟ್ರೋಡ್ ನಾಜಲ್ಲಿನ ಒಳಗೆ ಹುದುಗಿರುವುದರಿಂದ ಅದನ್ನು ಹಲಗೆಗೆ ಮುಟ್ಟಿಸುವ ಮಾತೇ ಇಲ್ಲ. ಆದ್ದರಿಂದ ಹುಟ್ಟನ್ನು ಎರಡು ಹಂತ ಮಾಡಿದರು. ಅಧಿಕ ಆವರ್ತನದ ಕಿಡಿ ಮೊದಲು ಎಲೆಕ್ಟ್ರೋಡಿಗೂ ನಾಜಲ್ಲಿಗೂ ನಡುವೆ ಒಂದು ಸಣ್ಣ ‘ಪೈಲಟ್ ಚಾಪ’ವನ್ನು ಹೊತ್ತಿಸುತ್ತದೆ. ಒಂದು ರೋಧಕ ಅದರ ಪ್ರವಾಹವನ್ನು ಹತ್ತಾರು ಆಂಪಿಯರಿಗೆ ಕಟ್ಟಿಹಾಕುತ್ತದೆ. ಅನಿಲ ಅದನ್ನು ನಾಲಗೆಯಂತೆ ಹೊರಚಾಚುತ್ತದೆ. ಆ ನಾಲಗೆ ಹಲಗೆಯನ್ನು ಮುಟ್ಟಿದೊಡನೆ ಪ್ರವಾಹ ಹಲಗೆಯತ್ತ ತಿರುಗುತ್ತದೆ; ಯಂತ್ರ ಅದನ್ನು ಗುರುತಿಸಿ ನಾಜಲ್ಲಿನ ಸಂಪರ್ಕ ಕಡಿದು ಪೂರ್ಣ ಪ್ರವಾಹ ಬಿಡುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ನೆರೆಹೊರೆಯ ದೂರು

ಕಿಡಿಗಂಡಿ ಎಂದರೆ ರೇಡಿಯೋ ಚರಿತ್ರೆಯ ಮೊದಲ ಪ್ರೇಷಕ. ಅದರ ಅಲೆಗಳು ಒಂದೇ ಆವರ್ತನದಲ್ಲಿ ನಿಲ್ಲದೆ ಸುತ್ತಮುತ್ತ ಚೆಲ್ಲುತ್ತವೆ. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ರೇಡಿಯೋ ಸಮ್ಮೇಳನ ‘ಕೈಗಾರಿಕೆ, ವಿಜ್ಞಾನ, ವೈದ್ಯಕೀಯ’ ಉಪಕರಣಗಳಿಗೆಂದೇ ಕೆಲವು ಆವರ್ತನಗಳನ್ನು ಬಿಟ್ಟುಕೊಟ್ಟಿತು. ಕಾರ್ಖಾನೆ ಮತ್ತು ಆಸ್ಪತ್ರೆ ರೇಡಿಯೋ ಕಾನೂನಿನಲ್ಲಿ ಒಂದೇ ಸಾಲಿನಲ್ಲಿ ಕುಳಿತದ್ದು ಆಕಸ್ಮಿಕವಲ್ಲ.

1958ರಲ್ಲಿ ಸ್ಟಾಕ್‌ಹೋಮಿನಲ್ಲಿ ಮನುಷ್ಯನ ದೇಹದೊಳಗೆ ಮೊದಲ ಪೇಸ್‌ಮೇಕರ್ ಇರಿಸಿದ ಮೇಲೆ ನೆರೆಯವರ ಪಟ್ಟಿಗೆ ಹೃದಯವೂ ಸೇರಿತು. ಹೃದಯದ ಸಣ್ಣ ವಿದ್ಯುತ್ ಸಂಕೇತವನ್ನು ಆಲಿಸುವ ಪೇಸ್‌ಮೇಕರ್ ಹೊರಗಿನ ಗದ್ದಲವನ್ನೇ ಹೃದಯಬಡಿತವೆಂದು ಬಗೆದರೆ ತನ್ನ ಕೆಲಸ ನಿಲ್ಲಿಸಬಹುದು. ಆಮೇಲೆ ಕತ್ತರಿಸುವ ಮೇಜಿನ ಪಕ್ಕಕ್ಕೇ ಕಂಪ್ಯೂಟರ್ ಬಂದು ಕುಳಿತಿತು. ಟಾರ್ಚ್ ಹೊತ್ತಿಸಿದಾಗಲೆಲ್ಲ ಅದು ದಿಕ್ಕೆಡುವಂತಾದರೆ ಯಾವ ಕಾರ್ಖಾನೆ ನಡೆದೀತು?

ನ್ಯೂಹ್ಯಾಂಪ್‌ಷೈರಿನ ಹ್ಯಾನೋವರ್‌ನಲ್ಲಿ 1968ರಲ್ಲಿ ಹುಟ್ಟಿದ ಹೈಪರ್‌ಥರ್ಮ್ ಕಂಪನಿಯ ಸ್ಯಾಂಡರ್ಸ್ ಮತ್ತು ಕೌಚ್ ಅವರಿಗೆ 1988ರಲ್ಲಿ ದೊರೆತ ಪೇಟೆಂಟ್ ಇದಕ್ಕೆ ಒಂದು ಉತ್ತರ. ಈ ಬಗೆಯ ಟಾರ್ಚುಗಳಲ್ಲಿ ಎಲೆಕ್ಟ್ರೋಡ್ ಮೊದಲು ನಾಜಲ್ಲಿಗೆ ತಾಗಿಯೇ ಇರುತ್ತದೆ. ಪ್ರವಾಹ ಹರಿಯುತ್ತಿರುವಾಗಲೇ ಅನಿಲದ ಒತ್ತಡ ಎರಡನ್ನೂ ಬೇರ್ಪಡಿಸುತ್ತದೆ, ನಡುವೆ ಪೈಲಟ್ ಚಾಪ ಹುಟ್ಟುತ್ತದೆ. ಅಧಿಕ ಆವರ್ತನವೇ ಬೇಡ. ಡೇವಿ ಕೈಯಿಂದ ಎಳೆದದ್ದನ್ನು ಇಲ್ಲಿ ಗಾಳಿ ಎಳೆಯುತ್ತದೆ, ಅಷ್ಟೇ.

ಟಿಗ್ ಬೆಸುಗೆಗೂ ಮುಟ್ಟುವಿಕೆ ಮರಳಿದ್ದು ಇನ್ವರ್ಟರ್ ಯಂತ್ರಗಳಿಂದ. ಅವು ಗೋಡೆಯಿಂದ ಬಂದ 50 ಅಥವಾ 60 ಆವರ್ತನದ ವಿದ್ಯುತ್ತನ್ನು ಡಿಸಿ ಮಾಡಿ, ಟ್ರಾನ್ಸಿಸ್ಟರುಗಳಿಂದ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕೊಯ್ದು ಟ್ರಾನ್ಸ್‌ಫಾರ್ಮರಿಗೆ ಕಳಿಸುತ್ತವೆ. ಆವರ್ತನ ಏರಿದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗುತ್ತದೆ. ಹಿಂದೆ ಇಬ್ಬರು ಎತ್ತುತ್ತಿದ್ದ ಪೆಟ್ಟಿಗೆಯನ್ನು ಈಗ ಹೆಗಲಿಗೆ ನೇತುಹಾಕಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಲಾಭ ಅದರ ಚುರುಕು. ತುದಿ ಲೋಹಕ್ಕೆ ತಾಗಿರುವಾಗ ಯಂತ್ರ ಕೆಲವೇ ಆಂಪಿಯರ್ ಬಿಡುತ್ತದೆ, ಎತ್ತಿದ ಕ್ಷಣ ಪ್ರವಾಹ ಏರಿಸುತ್ತದೆ. ಟಂಗ್‌ಸ್ಟನ್ ಬಹುಮಟ್ಟಿಗೆ ಕೆಡದೆ ಉಳಿಯುತ್ತದೆ.

ಹಾಗೆಂದು ಕಿಡಿ ಕಣ್ಮರೆಯಾಗಿಲ್ಲ. ದೊಡ್ಡ ಪ್ರವಾಹದ ಪ್ಲಾಸ್ಮಾ ಮೇಜುಗಳಲ್ಲಿ, ನಾಜೂಕಾದ ಟಿಗ್ ಕೆಲಸದಲ್ಲಿ ಇಂದಿಗೂ ಅಧಿಕ ಆವರ್ತನದಿಂದಲೇ ಚಾಪ ಹೊತ್ತುತ್ತದೆ. ಆಸ್ಪತ್ರೆಯತ್ತಲೂ ಅದು ಇನ್ನೊಂದು ರೂಪದಲ್ಲಿ ಬಂದಿದೆ. 1990ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಎಂಡೋಸ್ಕೋಪಿಗೆ ಅಳವಡಿಸಿದ ಆರ್ಗಾನ್ ಪ್ಲಾಸ್ಮಾ ವಿಧಾನ, ಟಿಗ್ ಬೆಸುಗೆಯ ಅದೇ ಆರ್ಗಾನ್ ಅನಿಲವನ್ನು ಅಧಿಕ ಆವರ್ತನದಿಂದ ಅಯಾನೀಕರಿಸಿ, ಕರುಳಿನ ಗೋಡೆಯನ್ನು ಮುಟ್ಟದೆಯೇ ರಕ್ತಸ್ರಾವ ನಿಲ್ಲಿಸುತ್ತದೆ.

ನಮ್ಮ ಬಳಗದಲ್ಲಿ ಮನೆಯ ಗ್ಯಾರೇಜಿನಲ್ಲಿ ಇಂಥ ಯಂತ್ರ ಇಟ್ಟುಕೊಂಡ ಎಂಜಿನಿಯರ್ ಮಿತ್ರರು ಇದ್ದಾರೆ. ಪೇಸ್‌ಮೇಕರ್ ಅಳವಡಿಸಿಕೊಂಡ ಹಿರಿಯರೂ ಇದ್ದಾರೆ. ಇಬ್ಬರೂ ಒಬ್ಬರೇ ಆಗುವ ವಯಸ್ಸು ನಮಗೆಲ್ಲ ಬರುತ್ತಿದೆ. ಯಂತ್ರ ಕೊಳ್ಳುವಾಗ ಎಷ್ಟು ಆಂಪಿಯರ್ ಎಂದು ಎಲ್ಲರೂ ಕೇಳುತ್ತಾರೆ. ಚಾಪವನ್ನು ಹೇಗೆ ಹುಟ್ಟಿಸುತ್ತದೆ ಎಂದೂ ಕೇಳಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಹೃದ್ರೋಗ ತಜ್ಞರನ್ನು ಕೇಳದೆ ಟಾರ್ಚ್ ಹಿಡಿಯಬಾರದು, ಅಧಿಕ ಆವರ್ತನದಿಂದ ಹೊತ್ತುವ ಯಂತ್ರದ ಹತ್ತಿರ ನಿಲ್ಲಲೂಬಾರದು. ಎರಡು ಶತಮಾನಗಳಲ್ಲಿ ಎಂಜಿನಿಯರುಗಳು ಚಾಪದ ಹುಟ್ಟನ್ನು ಇಷ್ಟು ಸಲ ತಿದ್ದಿದ್ದಾರೆ. ಆ ತಿದ್ದುಪಡಿಗಳ ಪ್ರಯೋಜನ ಪಡೆಯುವುದು ನಮ್ಮ ಕೈಯಲ್ಲಿದೆ.